ರಾಜಿಗೆ ಬೇಕಾದ ಒಪ್ಪಿಗೆ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳದವರಿಲ್ಲ. ಆದ್ದರಿಂದಲೇ ವ್ಯಾಜ್ಯವನ್ನು ಪಂಚಾಯ್ತಿಯಲ್ಲಿ ಬಗೆಹರಿಸಿಕೊಳ್ಳುವುದೇ ಲೇಸೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆಯ ಇತಿಹಾಸದಲ್ಲಿ ನಾವು ಮರೆತ ಮಾತೊಂದಿದೆ.

ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ವ್ಯಾಜ್ಯ ತೀರಿಸುವ ಸಭೆಗಳನ್ನು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳಿದೆ: ಬಂಧುಗಳ ‘ಕುಲ’, ಒಂದೇ ಕಸುಬಿನವರ ‘ಶ್ರೇಣಿ’, ಒಂದೇ ಊರಿನಲ್ಲಿ ನೆಲೆಸಿದ ಭಿನ್ನ ಜಾತಿ, ಭಿನ್ನ ವೃತ್ತಿಯವರ ‘ಪೂಗ’, ಅವುಗಳ ಮೇಲೆ ರಾಜನು ನೇಮಿಸಿದ ಅಧಿಕಾರಿಗಳು. ಕುಲದ ತೀರ್ಮಾನ ಸಮ್ಮತವಾಗದವನು ಮೇಲಿನ ಸಭೆಗೆ ಹೋಗಬಹುದಿತ್ತು. ಮನೆಯವರ ಮಾತೇ ಕೊನೆಯ ಮಾತಾಗಿರಲಿಲ್ಲ.

ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲದಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಪಂಚಾಯ್ತಿಗಳ ಪಕ್ಷಪಾತಿ. ಆತನ ಪ್ರಯತ್ನದಿಂದ 1816ರಲ್ಲಿ ಮದರಾಸು ಪ್ರಾಂತದಲ್ಲಿ ಅವುಗಳಿಗೆ ಕಾನೂನಿನ ಮನ್ನಣೆ ದೊರೆಯಿತು. ಆದರೆ ನಿರೀಕ್ಷಿಸಿದಷ್ಟು ವ್ಯಾಜ್ಯಗಳು ಅಲ್ಲಿಗೆ ಬರಲಿಲ್ಲ. ಕಾನೂನು ಪೀಠವನ್ನು ಹಾಕಿಸಬಲ್ಲುದು, ವಿಶ್ವಾಸವನ್ನು ಹುಟ್ಟಿಸಲಾರದು.

ಇಂದಿನ ವ್ಯವಸ್ಥೆಯಲ್ಲಿ ಎರಡು ದಾರಿಗಳನ್ನು ಬೇರೆಯಾಗಿ ತಿಳಿಯಬೇಕು. 1996ರ ಕಾಯ್ದೆಯಂತೆ ನಡೆಯುವ ಆರ್ಬಿಟ್ರೇಷನ್ನಿನಲ್ಲಿ ಉಭಯತರು ಒಪ್ಪಿ ಮೂರನೆಯವನಿಗೆ ವಿಷಯ ಒಪ್ಪಿಸುತ್ತಾರೆ; ಅವನ ತೀರ್ಪು ಅವರನ್ನು ಕಟ್ಟುತ್ತದೆ. ಮಧ್ಯಸ್ಥಿಕೆಯಲ್ಲಾದರೋ ಮಧ್ಯಸ್ಥನು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಬೇಕಾದರೆ ಪ್ರತ್ಯೇಕವಾಗಿಯೂ ಕೇಳಿ, ಅವರೇ ದಾರಿ ಕಾಣುವಂತೆ ಮಾಡುತ್ತಾನೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ರಾಜಿಯಾಗದಿದ್ದರೆ ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ. ದಾವೆಗಳನ್ನು ಈ ದಾರಿಗಳಿಗೆ ಕಳುಹಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಲ್ಲಿ ಜಾರಿಗೆ ಬಂತು. 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕಾ ಕೇಂದ್ರ ಆರಂಭವಾಯಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆ ಬಂತು.

ಇದನ್ನೆಲ್ಲ ಬರೆಯಲು ಕಾರಣವುಂಟು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು. 2005ರಲ್ಲಿ ಅದು ದೇಶದ ಕಾನೂನಾಯಿತು. ಆದರೂ ಹಜಾರದಲ್ಲಿ ಹಿರಿಯರು ಸೇರಿ, “ತವರು ಬೇಕೋ, ಪಾಲು ಬೇಕೋ?” ಎಂದು ಕೇಳಿ, ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿ, ಅದನ್ನೇ ರಾಜಿ ಎನ್ನುವುದು ನಿಂತಿಲ್ಲ. ಬೇಡವೆನ್ನಲು ಅವಕಾಶವಿಲ್ಲದಲ್ಲಿ ಒಪ್ಪಿಗೆ ಎಂಬುದಕ್ಕೆ ಅರ್ಥವಿಲ್ಲ.

ಪ್ರಿಯ ಶಿಷ್ಯರೇ, ಬಂಧುಗಳೇ, ನೀವೂ ಒಂದು ದಿನ ಅಂಥ ಹಜಾರದಲ್ಲಿ ಹಿರಿಯರಾಗಿ ಕೂರುವಿರಿ. ಆಗ ಎಲ್ಲರಿಗಿಂತ ಕಡಿಮೆ ಮಾತಾಡಿದವರನ್ನು ಬೇರೆಯಾಗಿ ಕರೆದು, ಅವರ ಮಾತನ್ನು ಮೊದಲು ಕೇಳಿರಿ.