ಅಕ್ಷರ, ಚಿತ್ರ ಮತ್ತು ಆರೋಗ್ಯ: ಬ್ರಹ್ಮಗಿರಿಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಕಿರುಬಂಡೆ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಕ್ರಿ.ಪೂ. 3ನೆಯ ಶತಮಾನದ ಈ ಪ್ರಾಕೃತ ಶಾಸನವು, ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುವುದರೊಂದಿಗೆ ಆರಂಭವಾಗುತ್ತದೆ. ನಾಡಿನ ಅತಿ ಪ್ರಾಚೀನ ಬರಹಗಳಲ್ಲೊಂದಾದ ಇಲ್ಲಿ ಆರೋಗ್ಯದ ಮಾತು ಅಧಿಕಾರಿಗಳಿಂದ ಅಧಿಕಾರಿಗಳಿಗೆ ಸಾಗಿದೆ. ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಲಿಪಿಕಾರ ಚಪಡನು ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಆ ಲಿಪಿ ತಿಳಿಯದವನಿಗೆ ಅದು ಬರಿಯ ಗೆರೆ. ಅಕ್ಷರದ ಸಂವಹನಕ್ಕಿರುವ ಮಿತಿಯನ್ನು ಇದೇ ಬಂಡೆ ಸೂಚಿಸುತ್ತದೆ.

ರೋಗಿಯು ಚಿಕಿತ್ಸಕನಿಗೆ ತನ್ನ ಬೇನೆಯನ್ನು ತಿಳಿಸುವಲ್ಲಿ ಆಡುಮಾತಿಗೂ ಮಿತಿಯುಂಟು. ನೆರೆಯ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆ ಪ್ರಸಿದ್ಧವಾದುದು. ಮೈಮೇಲೆ ಗುಳ್ಳೆಯೇಳುವ ಬೇನೆಗಳನ್ನು ದೇವಿಯೊಡನೆ ಜೋಡಿಸಿ 'ಅಮ್ಮ' ಎನ್ನುವುದು ಕನ್ನಡ ಜನಪದದ ರೂಢಿ. ಭಕ್ತಿಯ ದೃಷ್ಟಿಯಿಂದ ಅರ್ಥಪೂರ್ಣವಾದ ಈ ಒಂದೇ ಪದದಲ್ಲಿ ಸಿಡುಬು, ಸೀತಾಳೆ ಸಿಡುಬು, ದಡಾರಗಳು ಬೆರೆತುಹೋಗುತ್ತವೆ. ಸಿಡುಬನ್ನು ಬೇರ್ಪಡಿಸಿ ಗುರುತಿಸಬೇಕಾದ ಆರೋಗ್ಯ ಸಿಬ್ಬಂದಿಗೆ ಇದು ತೊಡಕಾಗಿತ್ತು.

ಸಿಡುಬಿನ ವಿಷಯದಲ್ಲಿ ಚಿತ್ರದ ಬಳಕೆ ಕರ್ನಾಟಕದಲ್ಲಿ ಹಳೆಯದು. ಲಸಿಕೆಯು 1802ರಲ್ಲಿ ಮುಂಬಯಿಗೆ ತಲುಪಿತು. ಸುಮಾರು 1805ರಲ್ಲಿ ಥಾಮಸ್ ಹಿಕಿ ರಚಿಸಿದ ವರ್ಣಚಿತ್ರವೊಂದರಲ್ಲಿ ಸ್ತ್ರೀಯೊಬ್ಬಳು ತೋಳಿನ ಭಾಗವನ್ನು ಬೆರಳಿಟ್ಟು ತೋರಿಸುತ್ತಿದ್ದಾಳೆ. ಇದು ಲಸಿಕೆ ಪಡೆದ ಮೈಸೂರಿನ ರಾಣಿಯ ಚಿತ್ರವೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥೈಸಿದ್ದಾರೆ. ಈ ಅರ್ಥವನ್ನು ಒಪ್ಪಿದರೂ ಅಲ್ಲಿನ ಸಂದೇಶ ಅರಮನೆಯಿಂದ ಪ್ರಜೆಗಳೆಡೆಗೆ ಇಳಿಯುವಂಥದು.

ಈ ದಿಕ್ಕನ್ನು ಬದಲಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ಗುರುತಿನ ಚಿತ್ರಪಟ. 1973ರಿಂದ ಭಾರತದಲ್ಲಿ ತೀವ್ರಗೊಂಡ ಮನೆಮನೆ ಶೋಧನೆಯಲ್ಲಿ ಕಾರ್ಯಕರ್ತರು ಸಿಡುಬಿನ ಗುಳ್ಳೆಗಳಿದ್ದ ಮಗುವಿನ ವರ್ಣಚಿತ್ರವನ್ನು ಶಾಲೆ, ಸಂತೆಗಳಲ್ಲಿ ತೋರಿಸಿ, ಇಂಥವರನ್ನು ಕಂಡಿರುವಿರಾ ಎಂದು ಕೇಳುತ್ತಿದ್ದರು. ಸಿಡುಬಿನ ಗುಳ್ಳೆಗಳು ಮುಖ, ಕೈಕಾಲುಗಳಲ್ಲಿ ದಟ್ಟ. ಸೀತಾಳೆ ಸಿಡುಬಿನವು ಎದೆಬೆನ್ನುಗಳಲ್ಲಿ ಹೆಚ್ಚು. ಮಾತಿನಲ್ಲಿ ವಿವರಿಸಲು ಕಠಿಣವಾದ ಈ ವ್ಯತ್ಯಾಸವನ್ನು ಚಿತ್ರ ನೋಡಿದ ಶಾಲಾಬಾಲಕನೂ ಗುರುತಿಸಬಲ್ಲವನಾಗಿದ್ದನು. ಅವನ ಬೆರಳ ಸೂಚನೆಯೇ ವೈದ್ಯರಿಗೆ ವರದಿಯಾಯಿತು.

ಆದರೆ ಸುಳಿವು ದೊರೆತ ಮನೆಗೆ ಕಾವಲು ಬೀಳುತ್ತಿತ್ತು. ಸುತ್ತಲಿನವರಿಗೆ ಕೆಲವೆಡೆ ಬಲವಂತದ ಲಸಿಕೆಯೂ ನಡೆಯಿತು. ಚಿತ್ರವು ಮಾತನ್ನು ಸುಗಮಗೊಳಿಸಿತೇ ಹೊರತು ವಿಶ್ವಾಸವನ್ನು ತಾನಾಗಿಯೇ ಗಳಿಸಿಕೊಡಲಿಲ್ಲ. ಭಾರತದ ಕೊನೆಯ ಸಿಡುಬು ಪ್ರಕರಣ 1975ರ ಮೇ ತಿಂಗಳಲ್ಲಿ ಅಸ್ಸಾಮಿನಲ್ಲಿ ದಾಖಲಾಯಿತು. 1977ರಲ್ಲಿ ದೇಶವು ಸಿಡುಬುಮುಕ್ತವೆಂದು ಪ್ರಮಾಣಿತವಾಯಿತು.

ಬ್ರಹ್ಮಗಿರಿಯ ಶಾಸನದಲ್ಲಿ ಆರೋಗ್ಯ ವಿಚಾರಣೆ ಅಧಿಕಾರವಲಯದ ಒಳಗಿನ ಶಿಷ್ಟಾಚಾರವಾಗಿತ್ತು. ಅಕ್ಷರವಂಚಿತರೂ ಚಿಕಿತ್ಸಕರಿಗೆ ಉತ್ತರ ಹೇಳುವ ಅವಕಾಶವನ್ನು ಚಿತ್ರಪಟವು ಒದಗಿಸಿತು. ಆರೋಗ್ಯ ಸಂವಹನದ ಇತಿಹಾಸದಲ್ಲಿ ಶಾಸನದೊಡನೆ ಈ ಸಾಮಾನ್ಯ ಚಿತ್ರಪಟಕ್ಕೂ ಆಕರದ ಸ್ಥಾನ ಸಲ್ಲಬೇಕಾಗಿದೆ.