ಒಂದೇ ಹಾಳೆ, ಹಲವು ಕೈಗಳು

ಅಮೆರಿಕದ ಪ್ರೌಢಶಾಲೆಗಳಲ್ಲಿ 'ಪಾಲಿಸಿ ಡಿಬೇಟ್' ಎಂಬ ಚರ್ಚಾಸ್ಪರ್ಧೆ ನಡೆಯುತ್ತದೆ. ವರ್ಷವಿಡೀ ದೇಶಕ್ಕೆಲ್ಲ ಒಂದೇ ವಿಷಯ, ತಂಡದಲ್ಲಿ ಇಬ್ಬರು. ಇಲ್ಲಿ ಮಾತಿನ ಚಮತ್ಕಾರವೊಂದೇ ಸಾಲದು, ಪುರಾವೆ ಬೇಕು. ಪುಸ್ತಕ, ವರದಿಗಳಿಂದ ಆಯ್ದ ಭಾಗಗಳನ್ನು ವಿದ್ಯಾರ್ಥಿಗಳು ಹಿಂದೆ ಸಣ್ಣ ರಟ್ಟಿನ ಕಾರ್ಡುಗಳಲ್ಲಿ ಬರೆದುಕೊಳ್ಳುತ್ತಿದ್ದರು. ನೆರಳಚ್ಚು ಯಂತ್ರ ಬಂದ ಮೇಲೆ ಕಾರ್ಡುಗಳು ಹಾಳೆಗಳಾದವು, ಹಾಳೆಗಳ ಕಂತೆಗಳು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತುಂಬಿದವು. ಸ್ಪರ್ಧೆಗೆ ಹೊರಟ ತಂಡವೆಂದರೆ ಮನೆ ಬದಲಿಸುವ ಸಂಸಾರವೇ ಸರಿ! ಪೆಟ್ಟಿಗೆಯ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದ್ದರೂ ಪುರಾವೆಯ ತುಣುಕಿಗೆ ಇಂದಿಗೂ 'ಕಾರ್ಡ್' ಎಂದೇ ಹೆಸರು.

ಗಣಕ ಬಂದೊಡನೆ ತೊಡಕು ತೀರಲಿಲ್ಲ. ಒಂದೇ ಕಡತದ ಎರಡು ಪ್ರತಿಗಳನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದರೆ ಯಾವುದು ಸರಿಯಾದದ್ದು? ಜೊತೆಗಾರ್ತಿ ತಪ್ಪೆಂದು ತೆಗೆದುಹಾಕಿದ ಅಂಕಿಯನ್ನು ಹಳೆಯ ಪ್ರತಿ ಹಿಡಿದ ಭಾಷಣಕಾರ ವೇದಿಕೆಯಲ್ಲಿ ಓದಿಬಿಟ್ಟರೆ, ಎದುರಾಳಿಗೆ ಅಷ್ಟೇ ಸಾಕು.

ಇಬ್ಬರೂ ಒಂದೇ ಕಡತದಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ಕನಸು ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು 90 ನಿಮಿಷಗಳ ಪ್ರದರ್ಶನ ನೀಡಿದರು. ಮೌಸ್ ಅನ್ನು ಜನರು ಸಾರ್ವಜನಿಕವಾಗಿ ಕಂಡದ್ದು ಅಂದೇ. ಸುಮಾರು 48 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯೊಡನೆ ಅವರು ಒಂದೇ ಪರದೆಯನ್ನು ಹಂಚಿಕೊಂಡದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಪರದೆ ಹಂಚಿಕೊಳ್ಳುವುದು ಸುಲಭ, ಬರಹ ಹಂಚಿಕೊಳ್ಳುವುದು ಕಷ್ಟ. ಏಕೆಂದು ನೋಡೋಣ. ಇಬ್ಬರು ವಿದ್ಯಾರ್ಥಿಗಳ ಗಣಕಗಳಲ್ಲೂ 'ಮರಣ' ಎಂಬ ಪದವಿದೆ ಎಂದುಕೊಳ್ಳಿ. ಮೊದಲನೆಯವನು ಆರಂಭದಲ್ಲಿ 'ಅ' ಸೇರಿಸುತ್ತಾನೆ. ಅದೇ ಕ್ಷಣದಲ್ಲಿ ಎರಡನೆಯವಳು ಮೂರನೆಯ ಅಕ್ಷರವಾದ 'ಣ'ವನ್ನು ಅಳಿಸುತ್ತಾಳೆ. ಈ ಆದೇಶಗಳು ಜಾಲದ ಮೂಲಕ ಅದಲುಬದಲಾಗುತ್ತವೆ. ಅವಳ ಗಣಕದಲ್ಲಿ 'ಮರ' ಎಂದಿದ್ದದ್ದು 'ಅಮರ' ಆಗುತ್ತದೆ. ಅವನಲ್ಲಿ ಈಗಾಗಲೇ 'ಅಮರಣ' ಎಂದಿದೆ. 'ಮೂರನೆಯ ಅಕ್ಷರ ಅಳಿಸು' ಎಂಬ ಆದೇಶ ಬಂದಾಗ 'ರ' ಹೋಗಿ 'ಅಮಣ' ಉಳಿಯುತ್ತದೆ. ಒಂದೇ ಹಾಳೆ, ಎರಡು ಪಾಠ! (ನಮ್ಮ ಲಿಪಿಯಲ್ಲಿ ಎಣಿಕೆ ಇನ್ನೂ ಸೂಕ್ಷ್ಮ. 'ಚರ್ಚೆ' ನಮಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತಗಳು.)

1989ರಲ್ಲಿ ಅಮೆರಿಕದ ಎಲ್ಲಿಸ್ ಮತ್ತು ಗಿಬ್ಸ್ ಇದಕ್ಕೆ ಉಪಾಯ ಸೂಚಿಸಿದರು. ಬಂದ ಆದೇಶವನ್ನು ಹಾಗೆಯೇ ಪಾಲಿಸದೆ, ನಡುವೆ ನಡೆದ ಬದಲಾವಣೆಗೆ ತಕ್ಕಂತೆ ಅದನ್ನೇ ಮಾರ್ಪಡಿಸಬೇಕು. ಮುಂದೆ ಒಂದು ಅಕ್ಷರ ಸೇರಿರುವುದರಿಂದ 'ಮೂರನೆಯದು' ಎಂಬುದು 'ನಾಲ್ಕನೆಯದು' ಆಗಬೇಕು. ಇದೇ 'ಆಪರೇಷನಲ್ ಟ್ರಾನ್ಸ್‌ಫರ್ಮೇಷನ್'. ಕೆಲವು ಸಂದರ್ಭಗಳಲ್ಲಿ ಅವರ ವಿಧಾನವೂ ಎಡವುತ್ತದೆಂದು ಮುಂದೆ ತಿಳಿಯಿತು. 1995ರಲ್ಲಿ ಝೆರಾಕ್ಸ್ ಪಾರ್ಕ್ ಸಂಶೋಧಕರು 'ಜುಪಿಟರ್' ವ್ಯವಸ್ಥೆಯಲ್ಲಿ ನಡುವೆ ಒಂದು ಸರ್ವರ್ ಇರಿಸಿ, ಎಲ್ಲ ಆದೇಶಗಳಿಗೂ ಅದರಿಂದಲೇ ಕ್ರಮ ಕೊಡಿಸಿದರು.

ಶಾಲೆಗಳಿಗೆ ಇದು ಮುಟ್ಟಲು ಇನ್ನೊಂದು ದಶಕ ಬೇಕಾಯಿತು. 2005ರ 'ರೈಟ್ಲಿ' ಎಂಬ ತಂತ್ರಾಂಶವನ್ನು 2006ರಲ್ಲಿ ಗೂಗಲ್ ಕೊಂಡುಕೊಂಡಿತು. ಗೂಗಲ್ ಡಾಕ್ಸ್ ಹುಟ್ಟಿದ್ದು ಅದರಿಂದ. 2008ರ 'ಈಥರ್‌ಪ್ಯಾಡ್' ಒಬ್ಬೊಬ್ಬರ ಬರಹಕ್ಕೂ ಒಂದೊಂದು ಬಣ್ಣ ಕೊಟ್ಟಿತು. 2010ರಲ್ಲಿ ಗೂಗಲ್ ಡಾಕ್ಸ್‌ನಲ್ಲೂ ಅಕ್ಷರ ಅಕ್ಷರವಾಗಿ ಜೊತೆ ಬರಹ ಸಾಧ್ಯವಾಯಿತು.

ಚರ್ಚಾ ತಂಡದ ಶಿಕ್ಷಕರಿಗೆ ಇದರಲ್ಲಿ ಹೆಚ್ಚು ಉಪಯುಕ್ತವಾದದ್ದು, ನನ್ನ ಮಟ್ಟಿಗೆ, ತಿದ್ದುಪಡಿಗಳ ಇತಿಹಾಸ. ಯಾವ ವಾದವನ್ನು ಯಾರು ಬರೆದರು, ಯಾರು ಅಳಿಸಿದರು ಎಂಬುದು ದಿನಾಂಕ ಸಹಿತ ಸಿಗುತ್ತದೆ. ಆದರೆ ಅದು ಬೆರಳಚ್ಚಿಸಿದವರ ದಾಖಲೆ ಮಾತ್ರ. ಪಕ್ಕದಲ್ಲಿ ಕುಳಿತು ಯೋಚಿಸಿ ಹೇಳಿದ ಹುಡುಗಿಯ ಹೆಸರು ಅದರಲ್ಲಿರುವುದಿಲ್ಲ. ಅಂಕ ಕೊಡುವಾಗ ಇದನ್ನು ಮರೆಯುವವರೇ ಹೆಚ್ಚು.

ಜಾಲ ಆಗಾಗ ಕಡಿದುಹೋಗುವ ಕಡೆ ಸರ್ವರನ್ನೇ ನಂಬುವುದು ಕಷ್ಟ. 2011ರಲ್ಲಿ ಮಾರ್ಕ್ ಶಪೀರೊ ಮತ್ತು ಸಂಗಡಿಗರು 'ಸಿಆರ್‌ಡಿಟಿ' ಎಂಬ ದತ್ತಾಂಶ ರಚನೆಗಳಿಗೆ ಖಚಿತ ರೂಪ ಕೊಟ್ಟರು. ಬರಹಕ್ಕೆ ಇದನ್ನು ಬಳಸಿದಾಗ ಪ್ರತಿ ಅಕ್ಷರಕ್ಕೂ ಸ್ಥಾನಸಂಖ್ಯೆಯ ಬದಲು ಶಾಶ್ವತ ಗುರುತು ಇರುತ್ತದೆ. ಪ್ರತಿಗಳು ಎಷ್ಟು ಹೊತ್ತು ಬೇರೆಯಾಗಿದ್ದರೂ ಮತ್ತೆ ಸೇರಿದಾಗ ಒಂದೇ ಪಾಠಕ್ಕೆ ಬರುತ್ತವೆ. ಇದಕ್ಕೂ ಬೆಲೆ ತೆರಬೇಕು: ಇಂಥ ಹಲವು ವಿಧಾನಗಳಲ್ಲಿ ಅಳಿಸಿದ ಅಕ್ಷರದ ಗುರುತು ಕಡತದೊಳಗೇ ಉಳಿಯುತ್ತದೆ. ಗಣಕ ವಿಜ್ಞಾನಿಗಳು ಅದನ್ನು 'ಗೋರಿಕಲ್ಲು' ಎನ್ನುತ್ತಾರೆ.