ಲೆಕ್ಕದ ಮನೆಯ ಹೊಸಬರು

ಬೆಳಿಗ್ಗೆ ಎಂಟರ ಹೊತ್ತಿಗೆ ಜಯನಗರದ ಅಂಚಿನ ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣದಲ್ಲಿ ನಿಂತರೆ ಇಸ್ತ್ರಿ ಮಾಡಿದ ಬಟ್ಟೆ, ಬೆನ್ನಿಗೊಂದು ಚೀಲ, ಕೊರಳಲ್ಲಿ ಗುರುತಿನ ಚೀಟಿ ಧರಿಸಿದ ಯುವಕ ಯುವತಿಯರ ಸಾಲು ಕಾಣುತ್ತದೆ. ಬನಶಂಕರಿಯ ಮನೆಗಳಿಂದ, ಬಿಟಿಎಂ ಬಡಾವಣೆಯ ಪಿ.ಜಿ.ಗಳಿಂದ ಹೊರಟ ಇವರೆಲ್ಲರೂ ಸಾಫ್ಟ್‌ವೇರ್‌ನವರಲ್ಲ. ಬಿ.ಕಾಂ. ಮುಗಿಸಿ, ಇಲ್ಲವೇ ಸಿ.ಎ. ಪರೀಕ್ಷೆಯ ಒಂದೆರಡು ಹಂತ ದಾಟಿ, ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ ಮೊದಲ ಕೆಲಸಕ್ಕೆ ಹೊರಟವರೂ ಅವರಲ್ಲಿದ್ದಾರೆ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಎಂಬ ಹೆಸರುಗಳು ದಕ್ಷಿಣ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಇಂದು ಪರಿಚಿತ. ಆದರೆ ಹಿರಿಯರ ಪಕ್ಕದಲ್ಲಿ ಕುಳಿತು ಲೆಕ್ಕ ಕಲಿಯುವ ಪದ್ಧತಿ ಈ ಸಂಸ್ಥೆಗಳಿಗಿಂತ ಬಹಳ ಹಳೆಯದು.

ಶಾನುಭೋಗರ ಕಾಲ

ಹಳಗನ್ನಡ ಶಾಸನಗಳಲ್ಲಿ ಬರುವ ‘ಸೇನಬೋವ’ನೇ ಮುಂದೆ ಊರಿನ ಶಾನುಭೋಗನಾದ. ಅವನ ಲೆಕ್ಕ ಇರುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿದ ಪುಸ್ತಕವದು. ಬಳಪದಿಂದ ಬರೆಯುತ್ತಿದ್ದರು. ಇಂದು ಸರ್ಕಾರಿ ಕಚೇರಿಯ ಫೈಲನ್ನು ನಾವು ‘ಕಡತ’ ಎನ್ನುವುದು ಆ ನೆನಪಿನಿಂದಲೇ. ಶಾನುಭೋಗನ ಮಗ ತಂದೆಯ ಪಕ್ಕದಲ್ಲಿ ಕುಳಿತು ಕಂದಾಯದ ಲೆಕ್ಕ ಕಲಿಯುತ್ತಿದ್ದ. ಪರೀಕ್ಷೆ ಇರಲಿಲ್ಲ, ಹುಟ್ಟೇ ಅರ್ಹತೆಯಾಗಿತ್ತು. ರಾಜ್ಯದಲ್ಲಿ ಈ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ ಬಂದದ್ದು 1961ರಲ್ಲಿ.

ಅಷ್ಟರಲ್ಲಿ ಪಶ್ಚಿಮದಿಂದ ಇನ್ನೊಂದು ಪದ್ಧತಿ ಬಂದಿತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1854ರಲ್ಲಿ, ಇಂಗ್ಲೆಂಡಿನಲ್ಲಿ 1880ರಲ್ಲಿ ಲೆಕ್ಕಿಗರ ಸಂಘಗಳಿಗೆ ರಾಜಸನ್ನದು, ಅಂದರೆ ‘ಚಾರ್ಟರ್’ ದೊರೆಯಿತು. ಅಲ್ಲಿ ಕಲಿಯುವವನು ಕರಾರು ಬರೆದುಕೊಟ್ಟು ಹಿರಿಯರೊಬ್ಬರ ಕಚೇರಿ ಸೇರುತ್ತಿದ್ದ. ಇದೇ ಆರ್ಟಿಕಲ್‌ಶಿಪ್. ಸಂಬಳದ ಮಾತಿರಲಿ, ಹುಡುಗನ ಕುಟುಂಬವೇ ಕಚೇರಿಗೆ ‘ಪ್ರೀಮಿಯಂ’ ಎಂಬ ಹಣ ಕಟ್ಟಬೇಕಿತ್ತು. ಭಾರತಕ್ಕೂ ಬಂದ ಈ ರೂಢಿ ಕ್ರಮೇಣ ತಿರುವುಮುರುವಾಗಿ, ಕಲಿಯುವವನಿಗೆ ಕಚೇರಿಯೇ ಸ್ಟೈಪೆಂಡ್ ಕೊಡುವ ನಿಯಮ ಬಂತು. ಹುಟ್ಟಿನ ಬಾಗಿಲು ಮುಚ್ಚಿ ಹಣದ ಬಾಗಿಲು ತೆರೆದಿತ್ತು. ಅದೂ ಮುಚ್ಚಿದ ಮೇಲೆ ಪರೀಕ್ಷೆಯ ಬಾಗಿಲು ಉಳಿಯಿತು.

ಆ ಬಾಗಿಲನ್ನು ಮಹಿಳೆಯರಿಗೆ ತೆರೆದವರು ಮದರಾಸಿನ ಆರ್. ಶಿವಭೋಗಂ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಸೇರಿ ಬಂದ ಅವರು 1933ರಲ್ಲಿ ಸರ್ಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾ ಪಡೆದು ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾದರು. ಜೈಲಿಗೆ ಹೋದವರು ವೃತ್ತಿ ನಡೆಸುವಂತಿಲ್ಲ ಎಂಬ ನಿಯಮದ ವಿರುದ್ಧವೂ ಅವರು ಹೋರಾಡಬೇಕಾಯಿತು. 1949ರ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರನ್ನೂ ಒಳಗೊಂಡ ಅದರ ದಕ್ಷಿಣ ಪ್ರಾದೇಶಿಕ ಮಂಡಳಿಗೆ 1955ರಿಂದ 1958ರವರೆಗೆ ಶಿವಭೋಗಂ ಅವರೇ ಅಧ್ಯಕ್ಷರಾಗಿದ್ದರು.

ಬೆಂಗಳೂರಿನ ಬೆಳವಣಿಗೆ

ಜಯನಗರ ಬಡಾವಣೆಗೆ 1948ರಲ್ಲಿ ಅಡಿಗಲ್ಲು ಬಿದ್ದ ಕಾಲದಲ್ಲೇ ಬೆಂಗಳೂರಿನಲ್ಲಿ ಸಾರ್ವಜನಿಕ ಉದ್ಯಮಗಳೂ ತಲೆಯೆತ್ತಿದವು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಲೆಕ್ಕ ನೋಡಲು ಪರಿಶೋಧಕರು ಬೇಕಾದರು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್, ವಿಜಯ ಬ್ಯಾಂಕುಗಳು 1980ರಲ್ಲಿ ರಾಷ್ಟ್ರೀಕರಣಗೊಂಡವು. ಮಾರ್ಚ್ ಮುಗಿದೊಡನೆ ಬ್ಯಾಂಕ್ ಶಾಖೆಗಳ ಪರಿಶೋಧನೆಗೆ ಹಿರಿಯರೊಂದಿಗೆ ಬಸ್ಸು ಹತ್ತಿ ಊರೂರಿಗೆ ಹೋಗುವುದು ಆರ್ಟಿಕಲ್ ಹುಡುಗರ ಪಾಲಿಗೆ ಮೊದಲ ಲೋಕಾನುಭವ. ವೋಚರಿಗೂ ಕಿರ್ದಿಗೂ ತಾಳೆ ನೋಡಿ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು, ಗೋದಾಮಿನಲ್ಲಿ ಮೂಟೆ ಎಣಿಸುವುದು, ಇವೇ ಮೊದಲ ಪಾಠಗಳು.

1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಅಲ್ಲಿ ನೆಲೆಸಿದ ಇನ್ಫೊಸಿಸ್ 1999ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಯನ್ನು ಪ್ರವೇಶಿಸಿತು. ಅಲ್ಲಿನ ನಿಯಮದಂತೆ ಲೆಕ್ಕ ಬರೆಯುವ, ತೆರಿಗೆ ಸಲಹೆ ಕೊಡುವ ಜನರಿಗೆ ಬೇಡಿಕೆ ಹುಟ್ಟಿತು. ಅಂತರರಾಷ್ಟ್ರೀಯ ಸಂಸ್ಥೆಗಳು ಬೆಂಗಳೂರಿನಲ್ಲಿ ಬೆಳೆದದ್ದು ಈ ಅಲೆಯ ಮೇಲೆ.

ಒಂದು ಕಾಗದದ ಬೆಲೆ

ಜಗತ್ತಿನ ಮಟ್ಟದಲ್ಲಿ ಈ ಸಂಸ್ಥೆಗಳ ಸಂಖ್ಯೆ ಕುಗ್ಗುತ್ತಾ ಬಂದಿದೆ. 1980ರ ದಶಕದಲ್ಲಿ ಎಂಟಿದ್ದವು, ವಿಲೀನಗಳಿಂದ 1998ರ ಹೊತ್ತಿಗೆ ಐದಾದವು. ಎನ್ರಾನ್ ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿಯಾದ ಮೇಲೆ ಅದರ ಪರಿಶೋಧಕ ಸಂಸ್ಥೆ ಆರ್ಥರ್ ಆಂಡರ್ಸನ್ 2002ರಲ್ಲಿ ಕುಸಿಯಿತು; ನಾಲ್ಕು ಉಳಿದವು.

ನಮ್ಮಲ್ಲಿ ಅಂಥದೇ ಆಘಾತ ತಂದದ್ದು ಹೈದರಾಬಾದಿನ ಸತ್ಯಂ ಹಗರಣ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷರೇ ಪತ್ರ ಬರೆದು, ಬ್ಯಾಂಕಿನಲ್ಲಿದೆ ಎಂದು ತೋರಿಸಿದ್ದ ಹಣದಲ್ಲಿ 5,000 ಕೋಟಿ ರೂಪಾಯಿಗೂ ಹೆಚ್ಚು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ವಿಶೇಷವೆಂದರೆ, ಅಲ್ಲಿ ತಪ್ಪಿದ್ದು ಯಾವುದೋ ಗಹನವಾದ ಲೆಕ್ಕವಲ್ಲ. ಖಾತೆಯಲ್ಲಿ ಇಷ್ಟು ಹಣವಿದೆ ಎಂಬ ದೃಢೀಕರಣ ಪತ್ರವನ್ನು ಪರಿಶೋಧಕರು ಕಂಪನಿಯ ಕೈಯಿಂದ ಪಡೆಯದೆ ನೇರವಾಗಿ ಬ್ಯಾಂಕಿನಿಂದಲೇ ತರಿಸಿಕೊಳ್ಳಬೇಕು. ಇದು ಕಚೇರಿಗೆ ಹೊಸದಾಗಿ ಬಂದವರಿಗೆ ಮೊದಲ ತಿಂಗಳಲ್ಲೇ ವಹಿಸುವ ಕೆಲಸ. ಅತ್ಯಂತ ಕಿರಿಯನ ಕೈಗೆ ಬರುವ ಕಾಗದದ ಮೇಲೆ ಸಾವಿರಾರು ಷೇರುದಾರರ ಉಳಿತಾಯ ನಿಂತಿರುತ್ತದೆ. ಪರಿಶೋಧಕರ ಮೇಲೆ ಕಣ್ಣಿಡಲು 2018ರಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ರಚನೆಯಾಯಿತಾದರೂ, ಮೊದಲ ಪ್ರಶ್ನೆ ಕೇಳಬೇಕಾದವನು ಈ ಕಿರಿಯನೇ.

ಪ್ರಶ್ನೆ ಕೇಳುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ಹಿರಿಯರು ಯಾವ ಅಂಕಿಯ ಮುಂದೆ ನಿಂತು ಅನುಮಾನಿಸುತ್ತಾರೆ ಎಂಬುದನ್ನು ಪಕ್ಕದಲ್ಲಿ ಕುಳಿತು ನೋಡಿಯೇ ಕಲಿಯಬೇಕು. ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ ಅವಧಿ 2023ರ ಜುಲೈನಲ್ಲಿ ಜಾರಿಗೆ ಬಂದ ಪದ್ಧತಿಯಲ್ಲಿ ಎರಡು ವರ್ಷಕ್ಕಿಳಿದಿದೆ. ನಿಯಮದ ಕನಿಷ್ಠ ಸ್ಟೈಪೆಂಡ್‌ನಲ್ಲಿ ಬಿಟಿಎಂನ ಪಿ.ಜಿ. ಬಾಡಿಗೆ ತೂಗಿಸಲು ಹೆಣಗುವ ಹುಡುಗ ಹುಡುಗಿಯರಿಗೆ, ಬೇಗ ದುಡಿಮೆಗೆ ಇಳಿಯುವುದು ನೆಮ್ಮದಿಯ ಮಾತೇ. ಆದರೆ ಪಕ್ಕದಲ್ಲಿ ಕೂರುವ ಕಾಲ ಒಂದು ವರ್ಷ ಕಡಿಮೆಯಾಯಿತು. ಕೂಡುವ, ಕಳೆಯುವ ಕೆಲಸವನ್ನೆಲ್ಲ ಯಂತ್ರವೇ ಮಾಡುವ ಈ ದಿನಗಳಲ್ಲಿ ಹೊಸಬನಿಗೆ ಉಳಿದಿರುವ ನಿಜವಾದ ಕೆಲಸ, ಲೆಕ್ಕ ಸರಿಯಿಲ್ಲವೆಂದು ಕಂಡಾಗ ಹಾಗೆಂದು ಹೇಳುವುದು. ಅದನ್ನು ಕಲಿಸಲು ದೊಡ್ಡ ಸಂಸ್ಥೆಯಲ್ಲೂ ಪಕ್ಕದ ಕುರ್ಚಿಯಲ್ಲಿ ಒಬ್ಬ ಹಿರಿಯ ಬೇಕು.